ಹ್ಯಾಂಗರ್ ಮುಗಿಯಿತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಕೊನೆಗೂ ಹ್ಯಾಂಗರ್ ಮುಗಿಯಿತು. ಅಂದರೆ, ಬಾಹ್ಯಾಕಾಶ ಸಿನಿಮಾಗಳ ಪಾತ್ರಗಳ ನನ್ನ ಗೊಂಬೆಗಳಿಗೆ (ಫಿಗರ್‌ಗಳಿಗೆ) ಒಂದು ಪೆಟ್ಟಿಗೆಯೊಳಗೆ ಕಟ್ಟಿದ, ನೌಕೆ ನಿಲ್ಲಿಸುವ ಪುಟ್ಟ ಶೆಡ್. ಇಂಥ ಪುಟಾಣಿ ದೃಶ್ಯಕ್ಕೆ ಡಯೋರಾಮಾ ಅಂತಾರೆ. ಪ್ರದರ್ಶನವೂ ಆಯಿತು. ಪೈಲಟ್‌ಗಳು, ರೋಬೋಟ್‌ಗಳು, ಇಷ್ಟು ವರ್ಷ ಡಬ್ಬಿಯಲ್ಲೇ ಮಲಗಿದ್ದ ಆ ಹಸಿರು ಮೈಯ ಮೆಕ್ಯಾನಿಕ್, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದಾರೆ. ಫೋಟೋ ನೋಡಿ ತುಂಬಾ ಜನ ಮೆಸೇಜ್ ಮಾಡಿದಿರಿ. ಒಬ್ಬೊಬ್ಬರಿಗೂ ಉತ್ತರ ಟೈಪ್ ಮಾಡಲು ನನ್ನ ಕೈ ಇನ್ನೂ ಒಪ್ಪುತ್ತಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ ನನಗೇನಾಯಿತು ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಹೇಳಲ್ಲ. ಬಲಗೈ ಬೆರಳುಗಳು ನನ್ನ ಮಾತು ಕೇಳದಿದ್ದ ದಿನಗಳಲ್ಲಿ ಈ ಕೆಲಸ ಶುರುವಾಯಿತು ಅನ್ನುವುದಷ್ಟೇ ಇಲ್ಲಿಗೆ ಬೇಕು. ಆಗ ನನ್ನ ಕೈಹಿಡಿದದ್ದು ಎಕ್ಸ್‌ಪಿಎಸ್ ಫೋಮ್ ಶೀಟ್. ಥರ್ಮಾಕೋಲ್ ಹಾಗೆ ಕಾಳುಕಾಳಾಗಿ ಉದುರಲ್ಲ. ಒತ್ತಾಗಿ, ನುಣ್ಣಗೆ ಇರುತ್ತೆ. ಬಾಲ್‌ಪೆನ್ನಿಂದ ಮೆತ್ತಗೆ ಒತ್ತಿ ಗೀರಿದರೂ ಸಾಕು, ಗೆರೆ ಮೂಡಿ ಲೋಹದ ತಗಡುಗಳನ್ನು ಜೋಡಿಸಿದ ಗೋಡೆಯಂತೆ ಕಾಣುತ್ತೆ. ಕಟರ್ ಹಿಡಿಯಲು ಆಗದ ಕೈಗೆ ಪೆನ್ ಹಿಡಿಯಲು ಆಗುತ್ತಿತ್ತು. ಹಿಂದಿನ ಗೋಡೆಯ ಗೆರೆಗಳೆಲ್ಲ ಹಾಗೆ ಹುಟ್ಟಿದ್ದು.

ಈಗ ಥ್ಯಾಂಕ್ಸ್. ಕೆಟ್ಟ ಪ್ರಿಂಟರ್, ಕೀಬೋರ್ಡ್, ಟಿವಿ ರಿಮೋಟ್‌ಗಳನ್ನು ಬಿಸಾಡದೆ ನನಗೆ ತಂದುಕೊಟ್ಟವರು, ಬಾಟಲಿ ಮುಚ್ಚಳ ಮತ್ತು ಸ್ಟ್ರಾ ಕೂಡಿಟ್ಟ ಪಕ್ಕದ ಮನೆ ಮಕ್ಕಳು, ಬಾಗಿಲ ಮೇಲಿನ ನಂಬರ್‌ಗಳಿಗೆ ಸ್ಟೆನ್ಸಿಲ್ ಕತ್ತರಿಸಿಕೊಟ್ಟ ಆಫೀಸಿನ ಗೆಳತಿ, ಸ್ಪ್ರೇ ಪೇಂಟ್ ಫೋಮನ್ನು ತಿಂದುಹಾಕುತ್ತೆ, ಮೊದಲು ಬಿಳಿ ಗೋಂದು ಬೆರೆಸಿದ ಕಪ್ಪು ಅಕ್ರಿಲಿಕ್ ಬಳಿ ಅಂತ ಸರಿಯಾದ ಹೊತ್ತಿಗೆ ಫೋನ್ ಮಾಡಿದ ಹಿರಿಯ ಗೆಳೆಯರು, ನಿಮ್ಮೆಲ್ಲರ ಪಾಲೂ ಆ ಪೆಟ್ಟಿಗೆಯೊಳಗೆ ಇದೆ.

ಬೆಳಕು ಮಾಡಿಕೊಟ್ಟ ಗೆಳೆಯನ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಮೂರು ಮೂರು ಬಿಳಿ ಎಲ್‌ಇಡಿಗಳ ಸಾಲು, ಸಾಲಿಗೊಂದು ರೆಸಿಸ್ಟರ್, ಎಲ್ಲಕ್ಕೂ ಸೇರಿ 12 ವೋಲ್ಟ್ ಅಡಾಪ್ಟರ್. ಬೆಸುಗೆಯೆಲ್ಲ ಅವನದೇ. 1822ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಡಗೇರ್ ಮೊದಲ ಡಯೋರಾಮಾ ತೆರೆದಾಗ ಅಲ್ಲಿ ಗೊಂಬೆ ಇರಲಿಲ್ಲ. ಇದ್ದದ್ದು ದೊಡ್ಡ ಬಟ್ಟೆಯ ಮೇಲಿನ ಚಿತ್ರ, ಅದರ ಮುಂದೆ ಹಿಂದೆ ಬದಲಾಗುವ ಬೆಳಕು. ಜನ ನೋಡುತ್ತಿದ್ದ ಹಾಗೇ ಕಣ್ಣೆದುರು ದೃಶ್ಯವೇ ಬದಲಾಗುತ್ತಿತ್ತು. ನನ್ನ ಬೂದು ಪೆಟ್ಟಿಗೆಗೆ ಈ ಗೆಳೆಯ ಮಾಡಿದ್ದೂ ಅದನ್ನೇ. ಸ್ವಿಚ್ ಹಾಕಿದ ಕ್ಷಣದಲ್ಲಿ ಫೋಮ್ ಹೋಗಿ ಕಬ್ಬಿಣ ಬಂತು.

ಮುಖ ನೋಡದ ಕೆಲವರಿಗೂ ನಾನು ಋಣಿ. 1970ರ ದಶಕದ ಬಾಹ್ಯಾಕಾಶ ಸಿನಿಮಾಗಳಿಗೆ ಮಾಡೆಲ್ ಮಾಡಿದವರು ಟ್ಯಾಂಕ್, ವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳನ್ನು ಒಡೆದು, ಆ ಚೂರುಪಾರುಗಳನ್ನು ಅಂತರಿಕ್ಷ ನೌಕೆಗಳ ಮೈತುಂಬಾ ಅಂಟಿಸುತ್ತಿದ್ದರು. ಗ್ರೀಬ್ಲಿ ಅಂತ ಕರೆಯೋದು ಅದನ್ನೇ. ಯಾವ ಚೂರು ಏನು ಕೆಲಸ ಮಾಡುತ್ತೆ ಅಂತ ಯಾರೂ ಕೇಳಲ್ಲ. ಆದರೆ ಅದು ಇಲ್ಲದಿದ್ದರೆ ನೌಕೆ ದೊಡ್ಡದಾಗಿ ಕಾಣಲ್ಲ. ಪ್ರಿಂಟರ್ ಒಳಗಿನ ಹಲ್ಲುಚಕ್ರಗಳನ್ನು ಗೋಡೆಗೆ ಅಂಟಿಸುವಾಗೆಲ್ಲ ಅವರನ್ನು ನೆನೆದಿದ್ದೇನೆ.

ಇನ್ನು ಅತ್ತಿಗೆ.

ನಮ್ಮ ಅತ್ತಿಗೆಗೆ ಈ ಫಿಗರ್‌ಗಳಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲ. ಈ ಸಿನಿಮಾಗಳಲ್ಲಿ ಒಂದನ್ನೂ ಅವರು ಪೂರ್ತಿ ನೋಡಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ನೋಡಿಕೊಂಡಿದ್ದು ಅವರು. ಮೇಜಿನ ಆ ಕಡೆ ತಮ್ಮ ಕೆಲಸ ಇಟ್ಟುಕೊಂಡು ಕೂರುತ್ತಿದ್ದರು. ಸುಮ್ನೆ ನೋಡುತ್ತಿದ್ದರು. ಒಂದು ದಿನ ಕೇಳಿದರು: "ಇಲ್ಲಿ ಕೆಲಸ ಮಾಡೋರಿಗೆ ಕೂರೋಕೆ ಜಾಗವೇ ಇಲ್ವಲ್ಲೋ?"

ನಿಜ. ಕ್ರೇನ್ ಇತ್ತು, ಇಂಧನದ ಪೈಪ್ ಇತ್ತು, ಎಚ್ಚರಿಕೆಯ ಹಳದಿ ಪಟ್ಟಿ ಇತ್ತು. ಕೂರಲು ಏನೂ ಇರಲಿಲ್ಲ. ನಾನು ಲೆಕ್ಕ ಹಾಕಿದೆ. ನನ್ನ ಫಿಗರ್‌ಗಳು ಆರು ಇಂಚಿನವು, ಅಂದರೆ ಹನ್ನೆರಡರಲ್ಲೊಂದು ಅಳತೆ. ಮನುಷ್ಯರು ಕೂರುವ ಕುರ್ಚಿ ಸುಮಾರು 45 ಸೆಂಟಿಮೀಟರ್ ಎತ್ತರ. ಇಲ್ಲಿಗೆ ಅದು 4 ಸೆಂಟಿಮೀಟರ್‌ಗೂ ಕೊಂಚ ಕಮ್ಮಿ. ಕಾರ್ಡ್‌ಬೋರ್ಡ್‌ನಲ್ಲಿ ಅಷ್ಟೆತ್ತರದ ಪೆಟ್ಟಿಗೆ ಮಾಡಿದೆವು. ಮೆಕ್ಯಾನಿಕ್ ಕೂತದ್ದು ಅದರ ಮೇಲೆ. ಪ್ರದರ್ಶನದಲ್ಲಿ ಜಾಸ್ತಿ ಜನ ಬಗ್ಗಿ ನೋಡಿದ್ದು ಅವನನ್ನೇ.

ಆಮೇಲೆ ಕೊಳೆ. ಹಳೆಯದಾಗಿ ಕಾಣಲಿ ಅಂತ ಕಪ್ಪು ಅಕ್ರಿಲಿಕ್‌ಗೆ ಜಾಸ್ತಿ ನೀರು ಬೆರೆಸಿ ಗೋಡೆಗೆ ಬಿಡುತ್ತೇವೆ. ಅದು ಹರಿದು ಗೆರೆಗಳೊಳಗೆ ಇಳಿಯುತ್ತೆ, ಮೇಲಿನದನ್ನು ಬಟ್ಟೆಯಲ್ಲಿ ಒರೆಸಿಬಿಡುತ್ತೇವೆ. ಒಣಗಿದ ಮೇಲೆ ಬ್ರಷ್‌ಗೆ ಬೆಳ್ಳಿ ಬಣ್ಣ ತಾಗಿಸಿ, ಕಾಗದಕ್ಕೆ ಉಜ್ಜಿ ಮುಕ್ಕಾಲು ಪಾಲು ತೆಗೆದು, ಉಳಿದಷ್ಟನ್ನು ಅಂಚುಗಳ ಮೇಲೆ ಮಾತ್ರ ಆಡಿಸುತ್ತೇವೆ. ಈ ಕೈಚಳಕ ಪುಸ್ತಕದಲ್ಲೂ ಸಿಗುತ್ತೆ. ಅತ್ತಿಗೆ ಕೇಳಿದ್ದು ಪುಸ್ತಕದಲ್ಲಿ ಇಲ್ಲ. "ದಿನಾ ಈ ಬಾಗಿಲು ತೆಗೆಯೋರ ಕೈ ಎಲ್ಲಿ ತಾಗುತ್ತೆ?" ಅಂದರು. ಎದ್ದು ಹೋಗಿ ನಮ್ಮ ಅಡುಗೆಮನೆ ಬಾಗಿಲು ತೋರಿಸಿದರು. ಹಿಡಿಯ ಸುತ್ತ, ಸ್ವಿಚ್‌ಬೋರ್ಡ್ ಕೆಳಗೆ, ಭುಜ ಒರಗುವ ಚೌಕಟ್ಟಿನ ಒಂದು ಬದಿಯಲ್ಲಿ ಮಾತ್ರ ಬಣ್ಣ ಮಾಸಿತ್ತು. ಉಳಿದಲ್ಲಿ ಏನೂ ಆಗಿರಲಿಲ್ಲ. ನನ್ನ ಹ್ಯಾಂಗರ್‌ನ ಹದಿನೇಳೂವರೆ ಸೆಂಟಿಮೀಟರ್ ಬಾಗಿಲಿಗೂ ಹಾಗೇ ಮಾಡಿದೆ. ಅರ್ಧ ಎತ್ತರದಲ್ಲಿ, ಒಂದೇ ಕಡೆ, ಬೆರಳ ತುದಿಯಷ್ಟು ಕಂದು ಮಸಿ. ಅಲ್ಲಿಂದ ಮುಂದೆ ಅದು ಗೊಂಬೆ ಇಡುವ ಜಾಗ ಅನಿಸಲೇ ಇಲ್ಲ. ಯಾರೋ ಡ್ಯೂಟಿ ಮುಗಿಸಿ ಈಗಷ್ಟೇ ಹೊರಗೆ ಹೋದ ಹಾಗಿತ್ತು.

ಪ್ರದರ್ಶನಕ್ಕೆ ಮುಂಚಿನ ಆ ರಾತ್ರಿ ಹ್ಯಾಂಗರ್‌ನ ಚಾವಣಿ ಕಳಚಿ ಬಿದ್ದ ವಿಷಯವೂ ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಆಮೇಲಿನದು. ಹಿಂದಿನ ಗೋಡೆ ಮೂರು ತುಂಡಾಗಿತ್ತು. ನಾನು ಒಂದು ತುಂಡನ್ನು ಎತ್ತಲು ಹೋದೆ. ಬೆರಳು ಮಡಚಲಿಲ್ಲ. ಇನ್ನೊಮ್ಮೆ ನೋಡಿದೆ, ಆಗಲಿಲ್ಲ. ಅಷ್ಟು ತಿಂಗಳು ಒಳಗೇ ಹಿಡಿದಿಟ್ಟಿದ್ದೆಲ್ಲ ಆಗ ಹೊರಗೆ ಬಂತು. ಅತ್ತುಬಿಟ್ಟೆ. ಎಲ್ಲ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿ ಅಂದೆ. ಈ ಕೈಯನ್ನೂ ಕಿತ್ತು ಬಿಸಾಡಿ ಅಂದೆ. ಇನ್ನೂ ಏನೇನೋ ಅಂದೆ.

ಅತ್ತಿಗೆ ಸಮಾಧಾನ ಮಾಡಲಿಲ್ಲ. ಎಲ್ಲ ಸರಿಹೋಗುತ್ತೆ ಅನ್ನಲಿಲ್ಲ. ನೆಲದ ಮೇಲೆ ಪೇಪರ್ ಹಾಸಿ, ಬಿದ್ದ ಚೂರುಗಳನ್ನು ಆರಿಸಿ ಸಾಲಾಗಿ ಇಡತೊಡಗಿದರು. ದೊಡ್ಡವು ಒಂದು ಕಡೆ, ಚಕ್ರಗಳು ಒಂದು ಕಡೆ, ಪೈಪ್‌ಗಳು ಒಂದು ಕಡೆ. ನಾನು ಅಳುವಷ್ಟು ಹೊತ್ತೂ ಆ ಸಾಲು ಬೆಳೆಯುತ್ತಲೇ ಇತ್ತು. ಆಮೇಲೆ ತಲೆ ಎತ್ತಿ, "ಇದು ಗೋಡೆಗೆ ಹೇಗೆ ನಿಲ್ಲುತ್ತೆ, ಹೇಳು. ನಾನು ಮಾಡ್ತೀನಿ," ಅಂದರು.

ಹೇಳಿದೆ. ಫೋಮ್‌ಗೂ ಫೋಮ್‌ಗೂ ಮಧ್ಯೆ ಬಿಳಿ ಗೋಂದು ಹಾಕಿದರೆ ಒಳಗೆ ಗಾಳಿ ಆಡಲ್ಲ, ಬೇಗ ಒಣಗಲ್ಲ. ಸೂಪರ್‌ಗ್ಲೂ ಹಾಕಿದರೆ ಫೋಮ್ ಕರಗುತ್ತೆ. ಟೂತ್‌ಪಿಕ್‌ಗಳನ್ನು ಗೋಂದಲ್ಲಿ ಅದ್ದಿ ಒಂದು ತುಂಡಿಗೆ ಅರ್ಧ ಚುಚ್ಚಿ, ಉಳಿದರ್ಧಕ್ಕೆ ಇನ್ನೊಂದು ತುಂಡನ್ನು ಕೂರಿಸಬೇಕು. ಕಡ್ಡಿಗಳು ಹಿಡಿದುಕೊಂಡಿರುತ್ತವೆ, ಗೋಂದು ತನ್ನ ಪಾಡಿಗೆ ಒಣಗುತ್ತೆ. ಕೆಲಸವೆಲ್ಲ ಅವರ ಕೈಯದು, ಮಾತು ಮಾತ್ರ ನನ್ನದು. "ಇನ್ನೂ ಸ್ವಲ್ಪ ಎಡಕ್ಕೆ," "ಹಾಂ, ಈಗ ಒತ್ತಿ." ಚಾವಣಿಗೆ ಕಡ್ಡಿ ಸಾಲದಾಗಿ ದಾರದಲ್ಲಿ ಬಿಗಿದರು. ಎಲ್ಲ ಆದ ಮೇಲೂ ಮಲಗಲು ಹೋಗಲಿಲ್ಲ. ಮಧ್ಯದ ಬಿರುಕು ಬಾಯಿ ಬಿಡದಿರಲಿ ಅಂತ ಗೋಡೆಗೆ ಅಂಗೈ ಒತ್ತಿಕೊಂಡು ಕೂತರು. ಒಂದು ಕೈ ಸೋತಾಗ ಇನ್ನೊಂದು ಕೈ. ನನಗೆ ಯಾವಾಗಲೋ ಅಲ್ಲೇ ಕುರ್ಚಿಯಲ್ಲಿ ನಿದ್ದೆ ಹತ್ತಿತು. ಬೆಳಗ್ಗೆ ಎದ್ದು ನೋಡಿದರೆ ಗೋಡೆ ನೆಟ್ಟಗೆ ನಿಂತಿತ್ತು, ಅವರ ಅಂಗೈ ಮೇಲೆ ನನ್ನ ಪೆನ್ನಿನ ಗೆರೆಗಳ ಅಚ್ಚು ಬಿದ್ದಿತ್ತು.

ಅತ್ತಿಗೆ, ಇದನ್ನು ನಿಮ್ಮ ಮುಂದೆ ಹೇಳಲು ನನಗೆ ಬಾಯಿ ಬರಲ್ಲ. ಆ ರಾತ್ರಿ ನೀವು ಎತ್ತಿ ನಿಲ್ಲಿಸಿದ್ದು ಬರೀ ಫೋಮ್ ಗೋಡೆ ಅಂತ ನೀವು ಅಂದುಕೊಂಡಿರಬಹುದು. ನಾನು ಹಾಗೆ ಅಂದುಕೊಂಡಿಲ್ಲ. ನನ್ನ ಕೈ ಮೊದಲಿನಂತೆ ಆಗುತ್ತೋ ಇಲ್ವೋ, ಡಾಕ್ಟರ್ ಕೂಡ ಖಚಿತವಾಗಿ ಹೇಳಲ್ಲ. ಆದರೆ ಅಂದಿನಿಂದ ನಾನು ಅದರ ಮೇಲೆ ಸಿಟ್ಟು ಮಾಡಿಕೊಂಡಿಲ್ಲ. ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್.

ಪೆಟ್ಟಿಗೆಯ ಹಿಂದೆ ತೂತು ಬೇಕೆಂದೇ ಬಿಟ್ಟದ್ದಾ ಅಂತ ಕೇಳಿದವರಿಗೆಲ್ಲ ಒಂದು ವಿಷಯ. ಹೌದು, ಹಿಂದಿನ ಹಲಗೆಯಲ್ಲಿರುವ ತೂತುಗಳು ಬೇಕೆಂದೇ ಬಿಟ್ಟವು. ಗಾಳಿ ಆಡದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮೆದು ಪಿವಿಸಿ ಫಿಗರ್‌ಗಳ ಮೈ ಅಂಟಂಟಾಗುತ್ತೆ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ದ್ರವ ಮೇಲಕ್ಕೆ ಬಂದು ಕೂರುತ್ತೆ. ಕಿಟಕಿಯ ಬಿಸಿಲು ಬೀಳುವ ಕಡೆಯೂ ಇಡಬೇಡಿ, ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತೆ.

ಕೆಟ್ಟ ರಿಮೋಟ್‌ಗಳನ್ನು ಈಗಲೂ ಬಿಸಾಡಬೇಡಿ, ನನಗೇ ಕೊಡಿ. ಹ್ಯಾಂಗರ್ ಪಕ್ಕಕ್ಕೆ ಮೆಕ್ಯಾನಿಕ್‌ಗಳು ಉಳಿದುಕೊಳ್ಳುವ ಕೋಣೆ ಮಾಡುತ್ತಿದ್ದೇನೆ. ಇವರು ಕುಡಿಯೋಕೆ ನೀರು ಎಲ್ಲಿಂದ ತರ್ತಾರೆ ಅಂತ ಅತ್ತಿಗೆ ಆಗಲೇ ಕೇಳಿದ್ದಾರೆ. ಬಾಗಿಲ ಎಡಕ್ಕೆ ಒಂದು ನಲ್ಲಿ ಬರುತ್ತೆ.