ಗಣಿತದ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಯಾಕೆ ಕಡಿಮೆ?

ಮಾನ್ಯ ಪೋಷಕರೇ,

ನಮಸ್ಕಾರ. ನಾಲ್ಕು ಮತ್ತು ಐದನೇ ತರಗತಿಯ ಗಣಿತದ ನೋಟ್‌ಬುಕ್ ನೋಡಿದ ಕೆಲವರು "ಮೇಷ್ಟ್ರು ತಿದ್ದೋದೇ ಇಲ್ವಾ?" ಎಂದು ಕೇಳಿದ್ದೀರಿ. ಕೇಳಿದ್ದು ಒಳ್ಳೆಯದೇ ಆಯಿತು. ತಿದ್ದುತ್ತಿದ್ದಾರೆ. ಆದರೆ ಸ್ಟಾಫ್ ರೂಮಿನಲ್ಲಿ ಕೂತಲ್ಲ, ಮಕ್ಕಳು ಲೆಕ್ಕ ಮಾಡುತ್ತಿರುವಾಗಲೇ, ಬೆಂಚಿನ ಪಕ್ಕ ನಿಂತು.

502ರಲ್ಲಿ 278 ಕಳೆಯಿರಿ ಎಂದರೆ ಎಷ್ಟೋ ಮಕ್ಕಳು 376 ಎಂದು ಬರೆಯುತ್ತಾರೆ. ಇದು ಗಮನವಿಲ್ಲದೆ ಆದ ತಪ್ಪಲ್ಲ. ಎರಡರಲ್ಲಿ ಎಂಟು ಹೋಗದಿದ್ದಾಗ ಮಗು ತಿರುಗಿಸಿ ಎಂಟರಲ್ಲಿ ಎರಡು ಕಳೆಯುತ್ತದೆ, ಸೊನ್ನೆಯಲ್ಲಿ ಏಳು ಹೋಗದಿದ್ದಾಗ ಏಳನ್ನೇ ಇಳಿಸುತ್ತದೆ. ಅದರ ಪಾಲಿಗೆ ಅದೇ ನಿಯಮ. ಹೀಗೆ ಹತ್ತು ಲೆಕ್ಕ ಮುಗಿಸಿ, ಎರಡು ದಿನ ಬಿಟ್ಟು ನೋಟ್‌ಬುಕ್ ಕೈಗೆ ಬಂದರೆ ಹತ್ತು ಇಂಟು ಗುರುತು ಕಾಣುತ್ತವೆ. ಅಷ್ಟರಲ್ಲಿ ತಪ್ಪು ಕೈಗೆ ಕೂತುಬಿಟ್ಟಿರುತ್ತದೆ.

ಅದನ್ನು ಎರಡನೇ ಲೆಕ್ಕದಲ್ಲೇ ಹಿಡಿಯಬೇಕು. ನಮ್ಮ ಶಿಕ್ಷಕರು ಉತ್ತರ ಹೇಳುವುದಿಲ್ಲ. ತಪ್ಪಿದ ಅಂಕಿಯ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಟ್ಟು, "ಎರಡರಲ್ಲಿ ಎಂಟು ಹೋಗತ್ತಾ? ಮತ್ತೆ ಎಲ್ಲಿಂದ ತರ್ತೀಯ?" ಎಂದು ಕೇಳಿ ಮುಂದಿನ ಬೆಂಚಿಗೆ ಹೋಗುತ್ತಾರೆ. ಹತ್ತರ ಸ್ಥಾನ ನೋಡಿದರೆ ಅಲ್ಲಿ ಸೊನ್ನೆ. ನೂರರ ಸ್ಥಾನದಿಂದಲೇ ತರಬೇಕು: ಐದು ನಾಲ್ಕಾಗುತ್ತದೆ, ಹತ್ತರ ಸ್ಥಾನದಲ್ಲಿ ಒಂಬತ್ತು ಉಳಿಯುತ್ತದೆ, ಬಿಡಿಯಲ್ಲಿ ಹನ್ನೆರಡು. ಈಗ 224. ಶಿಕ್ಷಕರು ಒಂದು ಸುತ್ತು ಬರುವಷ್ಟರಲ್ಲಿ ಮಗು ತಾನೇ ತಿದ್ದಿಕೊಂಡಿದ್ದರೆ ಚುಕ್ಕೆಯ ಪಕ್ಕ ಸಣ್ಣ ರೈಟು ಬೀಳುತ್ತದೆ. ಐದಾರು ಜನ ಒಂದೇ ಕಡೆ ಎಡವಿದ್ದರೆ ಎಲ್ಲರ ಪೆನ್ಸಿಲ್ ಕೆಳಗಿಡಿಸಿ, ಬೋರ್ಡಿನ ಮೇಲೆ ಮತ್ತೊಮ್ಮೆ ಪಾಠ.

ನಿರಂತರ ಮೌಲ್ಯಮಾಪನ ಎಂಬ ಮಾತು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಅದೆಂದರೆ ಮೇಲಿಂದ ಮೇಲೆ ಕಿರುಪರೀಕ್ಷೆ ಎಂದು ತಿಳಿದವರೇ ಹೆಚ್ಚು. ನನ್ನ ಮಟ್ಟಿಗೆ ಅದು ಈ ಚುಕ್ಕೆಯೇ.

ಎಲ್ಲ ಪಾಠಕ್ಕೂ ಈ ಕ್ರಮ ಒಗ್ಗುವುದಿಲ್ಲ. ಮಗು ಸ್ವಂತವಾಗಿ ನಾಲ್ಕು ಸಾಲು ಕನ್ನಡ ಬರೆಯುವಾಗ ಒತ್ತಕ್ಷರಕ್ಕೊಮ್ಮೆ ತಡೆದರೆ ಹೇಳಹೊರಟ ಮಾತೇ ಮರೆತುಹೋಗುತ್ತದೆ. ಅಲ್ಲಿ ಬರೆದು ಮುಗಿಸುವವರೆಗೆ ನಾವು ಬಾಯಿ ಹಾಕುವುದಿಲ್ಲ.

ಮನೆಯಲ್ಲಿ ನೀವೂ ತಪ್ಪು ಉತ್ತರವನ್ನು ರಬ್ಬರಿನಿಂದ ಅಳಿಸಿಬಿಡಬೇಡಿ. ಒಂದು ಗೆರೆ ಎಳೆದು ಕೆಳಗೆ ಮತ್ತೆ ಮಾಡಲಿ. ಎಲ್ಲಿ ಎಡವಿತು ಎಂದು ನಮಗೆ ಗೊತ್ತಾಗಬೇಕು. ಓದು ಬಾರದ ತಂದೆತಾಯಿಯೂ "ಇದು ಹೇಗೆ ಬಂತು, ಹೇಳು ನೋಡೋಣ" ಎಂದು ಕೇಳಬಹುದು. ಹೋಂವರ್ಕ್ ಲೆಕ್ಕಗಳು ಕಡಿಮೆಯಾಗಿವೆ ಎಂದು ಗಾಬರಿ ಬೇಡ, ಅಭ್ಯಾಸದ ಬಹುಪಾಲು ಈಗ ತರಗತಿಯಲ್ಲೇ ನಡೆಯುತ್ತಿದೆ.

ನೋಡಬೇಕೆನಿಸಿದವರು ಹಿಂದಿನ ದಿನ ತಿಳಿಸಿ, ಗಣಿತದ ಪೀರಿಯಡ್ಡಿಗೆ ಬನ್ನಿ. ಹಿಂದಿನ ಬೆಂಚಿನಲ್ಲಿ ಕೂರಬಹುದು. ನಿಮ್ಮ ಮಗುವಿಗೆ ಉತ್ತರ ಹೇಳಿಕೊಡದಿದ್ದರೆ ಆಯಿತು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು