ಮಗಳಿಗೊಂದು ಪತ್ರ: ಪೊಲೀಸರಿಗೆಂದೇ ಇಟ್ಟ ಹಿಂಬಾಗಿಲು

ಪ್ರೀತಿಯ ಮಗಳೇ,

ಮಕ್ಕಳ ಮೇಲೆ ದೌರ್ಜನ್ಯ ಎಸಗುವವರು ಸಂದೇಶವನ್ನು ಬೇರೆಯವರು ಓದಲಾಗದ ಗೂಢಲಿಪಿಯಾಗಿಸುವ ಎನ್‌ಕ್ರಿಪ್ಶನ್ನಿನ ಮರೆಯಲ್ಲಿ ಅಡಗಿರುವಾಗ ಸರ್ಕಾರ ಕೈಕಟ್ಟಿ ಕೂರಬೇಕೇ ಎಂದು ನೀನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೂ ಆ ಗೂಢಲಿಪಿಯನ್ನು ಬಿಡಿಸುವ ಒಂದು ಕೀಲಿಕೈ, ಅಂದರೆ ಒಂದು ಹಿಂಬಾಗಿಲು, ಸರ್ಕಾರದ ಬಳಿ ಇರಲಿ ಎಂಬ ಪರಿಹಾರವನ್ನು ನಾನು ಒಪ್ಪಲಾರೆ.

ಗ್ರೀಸ್‌ನಲ್ಲಿ ನಡೆದದ್ದನ್ನು ನೋಡು. ಅಲ್ಲಿನ ವೊಡಾಫೋನ್ ಜಾಲದ ಎಕ್ಸ್‌ಚೇಂಜ್‌ಗಳಲ್ಲಿ, ಕಾನೂನುಬದ್ಧ ಆದೇಶ ಬಂದಾಗ ಕರೆಗಳನ್ನು ಕದ್ದಾಲಿಸಲೆಂದು ರೂಪಿಸಿದ ಎರಿಕ್ಸನ್ ಕಂಪನಿಯ ತಂತ್ರಾಂಶವಿತ್ತು. 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್ ನಡೆದ ದಿನಗಳಲ್ಲಿ, ಯಾರೋ ಒಳಹೊಕ್ಕು ಅದೇ ಸೌಲಭ್ಯವನ್ನು ಗುಟ್ಟಾಗಿ ಬಳಸತೊಡಗಿದರು. ಪ್ರಧಾನಿ ಕೋಸ್ಟಾಸ್ ಕರಮನ್ಲಿಸ್ ಸೇರಿದಂತೆ ಸುಮಾರು 100 ಮಂದಿಯ ಮಾತು ಏಕಕಾಲಕ್ಕೆ ಬೇರೆ ಕೆಲವು ಪ್ರೀಪೇಯ್ಡ್ ಮೊಬೈಲ್‌ಗಳಿಗೂ ಹರಿಯುತ್ತಿತ್ತು, ಮತ್ತು ಇದು 2005ರ ಮಾರ್ಚ್‌ವರೆಗೂ ನಡೆಯಿತು. ಎರಡು ತುದಿಗಳ ನಡುವೆ ಎಲ್ಲಿಯೂ ಮಾತು ತೆರೆದುಕೊಳ್ಳದಂತೆ ಕಾಯುವುದೇ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ನಿನ ಕೆಲಸ. ಹಿಂಬಾಗಿಲು ಬೇಕೆನ್ನುವವರು ನಡುವೆ ಮತ್ತೆ ಅಂಥದೇ ಒಂದು ಜಾಗವನ್ನು ಕೇಳುತ್ತಿದ್ದಾರೆ. 2024ರಲ್ಲಿ ಚೀನಾದ ನಂಟಿನ ಹ್ಯಾಕರ್‌ಗಳು ಅಮೆರಿಕದ ದೂರಸಂಪರ್ಕ ಕಂಪನಿಗಳ ಕದ್ದಾಲಿಕೆ ವ್ಯವಸ್ಥೆಗೇ ನುಗ್ಗಿದ ಸುದ್ದಿ ಬಂತು. ಆಮೇಲೆ ಅಲ್ಲಿನ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯೇ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇರುವ ಆ್ಯಪ್‌ಗಳನ್ನು ಬಳಸಿರೆಂದು ಹಿರಿಯ ಅಧಿಕಾರಿಗಳಿಗೂ ರಾಜಕಾರಣಿಗಳಿಗೂ ಸಲಹೆ ಕೊಟ್ಟಿತು.

ನಮ್ಮಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ 4(2)ನೇ ನಿಯಮವು, ಆದೇಶ ಬಂದರೆ ಒಂದು ಸಂದೇಶವನ್ನು ಮೊದಲು ಕಳಿಸಿದವರನ್ನು ಗುರುತಿಸಿಕೊಡಬೇಕೆಂದು ದೊಡ್ಡ ಮೆಸೇಜಿಂಗ್ ಕಂಪನಿಗಳಿಗೆ ಹೇಳುತ್ತದೆ. ಸಂದೇಶದ ಒಳಗೇನಿದೆ ಎಂದು ನಾವು ಕೇಳುತ್ತಿಲ್ಲವಲ್ಲ ಎಂಬುದು ಸರ್ಕಾರದ ವಾದ. ಆದರೆ ನಾಳೆ ಯಾವ ಸಂದೇಶದ ಮೇಲೆ ಆದೇಶ ಬರುವುದೋ ಇಂದು ತಿಳಿಯದಿರುವಾಗ, ಪ್ರತಿಯೊಬ್ಬರ ಪ್ರತಿಯೊಂದು ಸಂದೇಶಕ್ಕೂ ಗುರುತು ಹಚ್ಚಿಡದೆ ಬೇರೆ ದಾರಿಯೇ ಉಳಿಯುವುದಿಲ್ಲ. ವಾಟ್ಸ್ಆ್ಯಪ್ ಇದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದಕ್ಕೆ ಕೈಹಾಕುವ ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕೆಂಬ ಒರೆಗಲ್ಲು ಅಲ್ಲಿಂದ ಬಂದದ್ದು. ಕೆಲವರನ್ನು ಹಿಡಿಯಲು ಎಲ್ಲರಿಗೂ ಗುರುತು ಹಚ್ಚುವ ಕ್ರಮ ಆ ಒರೆಗೆ ನಿಲ್ಲದೆಂದೇ ನನ್ನ ನಂಬಿಕೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಸಂದೇಶ ಪಡೆದವರು ದೂರು ಕೊಟ್ಟರೆ ಆ ಸಂದೇಶ ಅವರ ಫೋನಿನಲ್ಲಿಯೇ ಸಿಗುತ್ತದೆ. ಆರೋಪಿಯ ಫೋನನ್ನು ವಶಪಡಿಸಿಕೊಂಡು ಪರಿಶೀಲಿಸಬಹುದು. ಹಿಂಬಾಗಿಲಿಲ್ಲದಿದ್ದರೆ ಕೆಲವು ತನಿಖೆಗಳು ನಿಧಾನವಾಗುತ್ತವೆ, ಕೆಲವು ಸೋಲಲೂಬಹುದು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಗೆಂದೇ ಸೈಬರ್ ಪೊಲೀಸ್ ಠಾಣೆಗಳಿಗೆ ಪಳಗಿದ ತನಿಖಾಧಿಕಾರಿಗಳೂ ಫೊರೆನ್ಸಿಕ್ ಪ್ರಯೋಗಾಲಯಗಳೂ ಇನ್ನಷ್ಟು ಬೇಕೆಂದು ಕೇಳುವವರ ಜೊತೆ ನಾನಿದ್ದೇನೆ.

ನಿನ್ನ
ಅಮ್ಮ