ಕೊಡಚಾದ್ರಿ ಪ್ರವಾಸ: ಒಂಬತ್ತನೇ ತರಗತಿ ಪೋಷಕರ ಗಮನಕ್ಕೆ

ಮಾನ್ಯ ಪೋಷಕರೇ,

ನವೆಂಬರ್ ಕೊನೆಯ ಶನಿವಾರ, ಭಾನುವಾರ ಒಂಬತ್ತನೇ ತರಗತಿಯ ಮಕ್ಕಳನ್ನು ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ ಕರೆದೊಯ್ಯುತ್ತಿದ್ದೇವೆ. ಶುಲ್ಕ, ಬಸ್ಸಿನ ಸಮಯ, ಊಟದ ವಿವರ ಹಿಂದಿನ ಸುತ್ತೋಲೆಯಲ್ಲಿ ಬಂದಿದೆ. ಈ ಪತ್ರ ಮಕ್ಕಳ ಸುರಕ್ಷತೆಯದು. ದಾವಣಗೆರೆ ಕಡೆಯ ಬಯಲಿನಲ್ಲಿ ಬೆಳೆದ ಮಕ್ಕಳಿಗೆ ಮಲೆನಾಡಿನ ಕಾಡು ಹೊಸದು. ಪೋಷಕರು ಕೇಳುವುದೆಲ್ಲ ಹುಲಿ, ಚಿರತೆಯ ಬಗ್ಗೆ. ಆದರೆ ಅಲ್ಲಿ ಮಕ್ಕಳನ್ನು ನಿಜಕ್ಕೂ ಕಾಡುವುದು ಹೊಂದದ ಶೂ, ಒದ್ದೆ ಬಟ್ಟೆ ಮತ್ತು ಕಣ್ಣಿಗೆ ಬೀಳದಷ್ಟು ಸಣ್ಣ, ರಕ್ತ ಹೀರುವ ಉಣ್ಣೆ ಹುಳ. ಇವನ್ನು ತಡೆಯುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯಲ್ಲೇ ಆಗಬೇಕು: ಹೊರಡುವುದಕ್ಕೆ ಎರಡು ವಾರ ಮೊದಲು, ಮತ್ತು ಬಂದ ಮೇಲೆ ಮೂರು ವಾರ.

ಮೊದಲು ಶೂ. ದುಬಾರಿ ಟ್ರೆಕ್ಕಿಂಗ್ ಶೂ ಕೊಳ್ಳಬೇಡಿ, ಮುಂದಿನ ವರ್ಷಕ್ಕೆ ಅದು ಮಗುವಿನ ಕಾಲಿಗೆ ಆಗುವುದಿಲ್ಲ. ಅಡಿಭಾಗದಲ್ಲಿ ಆಳವಾದ ಗೀರುಗಳಿರುವ ಸಾಧಾರಣ ಸ್ಪೋರ್ಟ್ಸ್ ಶೂ ಸಾಕು. ಶಾಲೆಯ ಬಿಳಿ ಕ್ಯಾನ್ವಾಸ್ ಶೂ ಬೇಡ. ಅದರ ಅಡಿ ನುಣುಪು, ಪಾಚಿಗಟ್ಟಿದ ಕಲ್ಲಿನ ಮೇಲೆ ಹಿಡಿತವಿಲ್ಲ. ಅಳತೆ ನೋಡುವಾಗ ನಡೆಯುವ ದಿನ ಹಾಕುವ ಕಾಲುಚೀಲವನ್ನೇ ಹಾಕಿಸಿ, ಸಂಜೆ ಹೊತ್ತು ನೋಡಿ. ದಿನವಿಡೀ ಓಡಾಡಿದ ಕಾಲು ಸಂಜೆಗೆ ತುಸು ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಶೂವಿನ ತುದಿಗೆ ಬಡಿದು ಬಡಿದು ಕಪ್ಪಾಗುತ್ತದೆ. ಹತ್ತುವುದಕ್ಕಿಂತ ಇಳಿಯುವಾಗಲೇ ಮಕ್ಕಳು ಹೆಚ್ಚು ಅಳುವುದು, ಇದೇ ಕಾರಣಕ್ಕೆ. ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ.

ಹೊಸ ಶೂ ಆದರೆ ಈಗಿನಿಂದಲೇ ದಿನಕ್ಕೆ ಅರ್ಧ ಗಂಟೆಯಾದರೂ ಹಾಕಿಕೊಂಡು ನಡೆಯಲಿ. ಅಣ್ಣನದೋ ಅಕ್ಕನದೋ ಹಳೆಯ ಶೂ ಆದರೆ ಇನ್ನೊಂದು ಪರೀಕ್ಷೆ ಇದೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಶೂವಿನ ಅಡಿ ನೋಡಲು ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಗಾಳಿಯ ತೇವಕ್ಕೆ ಒಳಗಿನ ಫೋಮು ಪುಡಿಯಾಗಿರುತ್ತದೆ, ಅಂಟು ಬಿಟ್ಟಿರುತ್ತದೆ. ಎರಡು ಕೈಯಲ್ಲಿ ಹಿಡಿದು ಜೋರಾಗಿ ಮಡಚಿ ನೋಡಿ. ಅಂಚಿನಲ್ಲಿ ಬಿರುಕು ಬಿಟ್ಟರೆ ಬೆಟ್ಟದ ಮಧ್ಯದಲ್ಲಿ ಅಡಿ ಕಳಚಿ ಬೀಳುವುದು ಖಂಡಿತ.

ಕಾಲುಚೀಲ ಮೂರು ಜೊತೆ ಇರಲಿ. ಹತ್ತಿಯದು ಬೆವರನ್ನು ಹಿಡಿದಿಟ್ಟುಕೊಂಡು ಚರ್ಮವನ್ನು ಮೆತ್ತಗಾಗಿಸುತ್ತದೆ, ಆಮೇಲೆ ಉಜ್ಜಿ ಬೊಬ್ಬೆ ಏಳುತ್ತದೆ. ತೆಳುವಾದ ಸಿಂಥೆಟಿಕ್ ಕಾಲುಚೀಲ ಒಳಗೆ, ದಪ್ಪನೆಯದು ಹೊರಗೆ ಹಾಕಿದರೆ ಉಜ್ಜಾಟ ಆ ಎರಡರ ನಡುವೆಯೇ ಮುಗಿಯುತ್ತದೆ. ಹಿಮ್ಮಡಿ ಚುರುಗುಟ್ಟಲು ಶುರುವಾದ ಕೂಡಲೇ ಶಿಕ್ಷಕರಿಗೆ ಹೇಳಬೇಕೆಂದು ಮಗುವಿಗೆ ತಿಳಿಸಿ. ಆಗ ಕಾಗದದ ಟೇಪು ಅಂಟಿಸಿದರೆ ಸಾಕು; ಬೊಬ್ಬೆ ಎದ್ದಮೇಲೆ ನಾವು ಮಾಡುವುದೇನೂ ಉಳಿಯುವುದಿಲ್ಲ.

ಜೀನ್ಸ್ ಬೇಡ. ಇಲ್ಲಿ ಬಿಸಿಲಿದೆ ಎಂದರೆ ಅಲ್ಲಿಯೂ ಇರುತ್ತದೆಂದಲ್ಲ. ನವೆಂಬರಿನಲ್ಲಿ ಮಳೆ ಬರಬಹುದು, ತುದಿಯಲ್ಲಿ ಮಂಜು ಮತ್ತು ಗಾಳಿ. ನೆನೆದ ಜೀನ್ಸ್ ಮಣಭಾರವಾಗಿ ಇಡೀ ದಿನ ಒಣಗದೆ ಚಳಿ ಹಿಡಿಸುತ್ತದೆ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟು, ತುಂಬುತೋಳಿನ ಅಂಗಿ, ಎರಡೂ ತಿಳಿಬಣ್ಣದವು. ತಿಳಿಬಣ್ಣ ಏಕೆಂದರೆ ಅದರ ಮೇಲೆ ಉಣ್ಣೆ ಹರಿದಾಡಿದರೆ ಕಾಣುತ್ತದೆ. ಕೊಡೆ ಬೇಡ, ರೇನ್‌ಕೋಟ್ ಇರಲಿ. ಬೆಟ್ಟ ಹತ್ತುವಾಗ ಎರಡೂ ಕೈ ಬಿಡುವಾಗಿರಬೇಕು. ಚೀಲಕ್ಕೆ ಹೊರಗಿನಿಂದ ಕವರ್ ಹಾಕಿದರೂ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಅದಕ್ಕೆ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಒಳಗಿಟ್ಟು, ಬಟ್ಟೆಯನ್ನೆಲ್ಲ ಅದರೊಳಗೆ ತುಂಬಿ ಬಾಯಿ ಸುತ್ತಿ.

ಚೀಲದ ಭಾರ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. ನಲವತ್ತು ಕೆ.ಜಿ. ಮಗುವಿಗೆ ನಾಲ್ಕು ಕೆ.ಜಿ. ಅದರಲ್ಲಿ ಎರಡು ಲೀಟರ್ ನೀರೇ ಎರಡು ಕೆ.ಜಿ. ಆಗುವುದರಿಂದ, ಚಕ್ಕುಲಿ ಕೋಡುಬಳೆಯ ಡಬ್ಬಗಳನ್ನು ದಯವಿಟ್ಟು ಬಸ್ಸಿನಲ್ಲೇ ಖಾಲಿ ಮಾಡಿಸಿ. ಓಆರ್‌ಎಸ್ ಪೊಟ್ಟಣ ಎರಡು ಇಡಿ. ಒಂದು ಲೀಟರಿನ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೇ ಹೋಗಬೇಕು. ಲೋಟಕ್ಕೆ ಅರ್ಧ ಪೊಟ್ಟಣ ಸುರಿದು ಕುಡಿದರೆ ದ್ರಾವಣ ಗಡುಸಾಗಿ ವಾಂತಿ, ಬಾಯಾರಿಕೆ ಇನ್ನೂ ಹೆಚ್ಚುತ್ತದೆ. ಟಾರ್ಚ್, ಬೇರೆ ಸೆಲ್ ಒಂದು ಜೊತೆ, ಕೊರಳಿಗೆ ದಾರ ಕಟ್ಟಿದ ಸೀಟಿ. ದಾರಿ ತಪ್ಪಿತು ಅನ್ನಿಸಿದರೆ ಹುಡುಕುತ್ತಾ ಹೋಗಬಾರದು, ಇದ್ದಲ್ಲೇ ನಿಂತು ಮೂರು ಸಲ ಸೀಟಿ ಊದಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಮೂರು. ಇದನ್ನು ಮನೆಯಲ್ಲಿ ಒಮ್ಮೆ ಹೇಳಿಸಿ ನೋಡಿ.

ಇನ್ನು ಇಂಬಳ, ಅಂದರೆ ಕಾಡಿನ ನೆಲದ ಜಿಗಣೆ. ಮಕ್ಕಳಿಗೆ ಅತಿ ಹೆಚ್ಚು ಭಯ ಇದರದೇ, ಅತಿ ಕಡಿಮೆ ಅಪಾಯವೂ ಇದರದೇ. ಮಳೆಗಾಲ ಮುಗಿದರೂ ನೆರಳಿನ ಒದ್ದೆ ದಾರಿಯಲ್ಲಿ ಇರುತ್ತವೆ. ಹೆಣೆದ ಕಾಲುಚೀಲದ ಕಣ್ಣುಗಳಿಂದ ಇಂಬಳ ನುಸುಳಿ ಬರುತ್ತದೆ, ಒತ್ತಾಗಿ ನೇಯ್ದ ಬಟ್ಟೆಯಿಂದ ಬರಲಾರದು. ಹತ್ತಿರದ ಟೈಲರಿಗೆ ಮಂಜರಪಾಟು ಬಟ್ಟೆ ಕೊಟ್ಟು ಮೊಣಕಾಲಿನವರೆಗೆ ಬರುವ, ಪಾದವೂ ಮುಚ್ಚಿರುವ ಚೀಲ ಹೊಲಿಸಿ, ಮೇಲ್ತುದಿಗೆ ಲಾಡಿ ಇರಲಿ. ಪ್ಯಾಂಟಿನ ತುದಿ ಅದರೊಳಗೆ ಹೋಗಬೇಕು, ಶೂ ಅದರ ಮೇಲೆ ಬರಬೇಕು. ಒಂದು ತುಂಡು ಬಟ್ಟೆಯಲ್ಲಿ ಕಲ್ಲುಪ್ಪು ಗಂಟು ಕಟ್ಟಿ ಕೊಡಿ. ಶೂ ಹತ್ತುತ್ತಿರುವ ಇಂಬಳಕ್ಕೆ ಅದನ್ನು ಮುಟ್ಟಿಸಿದರೆ ಉದುರುತ್ತದೆ. ಕಚ್ಚಿಕೊಂಡಿರುವುದಕ್ಕೆ ಉಪ್ಪು, ಬೆಂಕಿಕಡ್ಡಿ, ಸುಣ್ಣ ಏನೂ ಬೇಡ. ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೆ ಕಕ್ಕುತ್ತದೆ. ತೆಳುವಾದ ತುದಿಯ ಬಳಿ ಚರ್ಮಕ್ಕೆ ಉಗುರನ್ನು ಒರಗಿಸಿ ಪಕ್ಕಕ್ಕೆ ಜಾರಿಸಿದರೆ ಬಾಯಿ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸ ಬಿಟ್ಟಿರುವುದರಿಂದ ಗಂಟೆಗಟ್ಟಲೆ ಜಿನುಗುತ್ತಿರಬಹುದು. ತೊಳೆದು, ಒತ್ತಿ ಹಿಡಿದು, ಪಟ್ಟಿ ಕಟ್ಟಿದರೆ ಆಯಿತು. ಕಾಲುಚೀಲ ಕೆಂಪಾದ ಫೋಟೋ ನಿಮ್ಮ ಮೊಬೈಲಿಗೆ ಬಂದರೆ ಗಾಬರಿಯಾಗಬೇಡಿ.

ಉಣ್ಣೆಯ ವಿಷಯ ಹಾಗಲ್ಲ. ಮಲೆನಾಡಿನಲ್ಲಿ ಉಣುಗು ಎನ್ನುವ ಇದು ಮಂಗನ ಕಾಯಿಲೆಯನ್ನು ಹರಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದರಿಂದ ವೈದ್ಯರು ಇದನ್ನು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ ಎನ್ನುತ್ತಾರೆ. ಮಳೆ ನಿಂತು ತರಗೆಲೆ ಒಣಗತೊಡಗಿದ ಮೇಲೆ, ಬೇಸಿಗೆ ಮುಗಿಯುವವರೆಗೆ ಮರಿ ಉಣ್ಣೆಗಳ ಕಾಲ; ನಾವು ಹೋಗುವುದು ಅದರ ಆರಂಭದಲ್ಲಿ. ಹಿಂದೆ ಕೊಡುತ್ತಿದ್ದ ಲಸಿಕೆ ನಿಂತಿದೆ, ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿಯೂ ಇಲ್ಲ. ಹಾಗಾಗಿ ಕಚ್ಚಿಸಿಕೊಳ್ಳದಿರುವುದೇ ದಾರಿ. ಹೊರಡುವ ವಾರ ತಾಲ್ಲೂಕು ಆರೋಗ್ಯ ಕಚೇರಿಯನ್ನು ವಿಚಾರಿಸುತ್ತೇವೆ. ಆ ಭಾಗದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಪ್ರವಾಸವನ್ನು ಬೇರೆ ಕಡೆಗೆ ತಿರುಗಿಸುತ್ತೇವೆ, ಶುಲ್ಕದ ಲೆಕ್ಕ ಆಮೇಲೆ. ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಕೊಡುವ, ಉಣ್ಣೆ ಹತ್ತದಂತೆ ತಡೆಯುವ ಡೇಪಾ ತೈಲವನ್ನು ಕಾಡಿಗೆ ಇಳಿಯುವ ಮೊದಲು ಕೈಕಾಲು, ಕತ್ತಿಗೆ ಹಚ್ಚಿಸುತ್ತೇವೆ. ತರಗೆಲೆಯ ಮೇಲೆ ಕೂರಲು ಬಿಡುವುದಿಲ್ಲ.

ಸಂಜೆ ಬಿಸಿನೀರು, ಸೋಪಿನ ಸ್ನಾನ ಮತ್ತು ಮೈ ತಪಾಸಣೆ ಕಡ್ಡಾಯ. ಮರಿ ಉಣ್ಣೆ ರಾಗಿಕಾಳಿಗಿಂತ ದೊಡ್ಡದಿರುವುದಿಲ್ಲ. ಮಚ್ಚೆ ಎಂದುಕೊಂಡು ಬಿಟ್ಟುಬಿಡುತ್ತೇವೆ. ನೋಡಬೇಕಾದ ಜಾಗಗಳು ಕಿವಿಯ ಹಿಂಭಾಗ, ಕೂದಲಂಚು, ಕಂಕುಳು, ಹೊಕ್ಕುಳು, ಸೊಂಟದ ಎಲಾಸ್ಟಿಕ್ ಕೂರುವ ಗೆರೆ, ತೊಡೆಸಂದು, ಮೊಣಕಾಲಿನ ಹಿಂಭಾಗ. ಕೆಲವನ್ನು ಮಕ್ಕಳು ತಾವೇ ನೋಡಿಕೊಳ್ಳಬೇಕಾಗುತ್ತದೆ, ಆದ್ದರಿಂದ ಮನೆಯಲ್ಲಿ ಸಂಕೋಚವಿಲ್ಲದೆ ವಿವರಿಸಿ. ಕಂಡರೆ ಬೆರಳಲ್ಲಿ ಹಿಸುಕಬಾರದು, ಸೀಮೆಎಣ್ಣೆ ಸುರಿಯಬಾರದು. ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆದು ತೆಗೆಯುತ್ತೇವೆ. ತೆಗೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಕಳಿಸುತ್ತೇವೆ.

ಹಾವಿನ ಬಗ್ಗೆ ಮೂರು ನಿಯಮ: ಕಣ್ಣಿಗೆ ಕಾಣದ ಕಡೆ ಕೈ ಹಾಕಬಾರದು, ಬಿದ್ದ ಮರವನ್ನು ದಾಟುವ ಮೊದಲು ಆಚೆ ಬದಿ ನೋಡಬೇಕು, ರಾತ್ರಿ ಶೌಚಾಲಯಕ್ಕೂ ಟಾರ್ಚ್ ಮತ್ತು ಶೂ ಬೇಕೇ ಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೂ ಇರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಾಗುವ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋಲುವುದು ಶುರುವಾಗುತ್ತದೆ. ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದರೆ ಇದು ಒಳಗೆ ಬರದು, ಪರದೆಯನ್ನು ಶಾಲೆಯೇ ಒದಗಿಸುತ್ತದೆ. ಕಚ್ಚಿದರೆ ನಾವು ಮಾಡುವುದು ಇಷ್ಟು: ಬಳೆ, ಉಂಗುರ, ಗೆಜ್ಜೆ ತೆಗೆಯುವುದು, ಮುರಿದ ಮೂಳೆಗೆ ಮಾಡುವಂತೆ ಪಟ್ಟಿಗಳ ನಡುವೆ ಆ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇಡುವುದು, ನಡೆಸದೆ ಎತ್ತಿಕೊಂಡು ವಾಹನಕ್ಕೆ ತರುವುದು. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ನಾಟಿ ಮದ್ದು ಯಾವುದೂ ಇಲ್ಲ. ಬಿಗಿದ ಹಗ್ಗದಿಂದ ರಕ್ತಸಂಚಾರ ನಿಂತು ಕಾಲೇ ಹೋಗಬಹುದು. ಯಾರಾದರೂ ಫೋನಿನಲ್ಲಿ ಮಂತ್ರಿಸಿದ ದಾರ ಕಟ್ಟಿಸಿ ಎಂದರೆ ನಾವು ಕೇಳುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ನಮ್ಮ ದೇಶದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಮಲೆನಾಡಿನಲ್ಲಿ ಇವಲ್ಲದ ವಿಷದ ಹಾವುಗಳೂ ಇರುವುದರಿಂದ ಎಚ್ಚರಿಕೆಯ ಭಾರ ಹೆಜ್ಜೆಯ ಮೇಲೆಯೇ ಹೆಚ್ಚು.

ಹೆಜ್ಜೇನಿಗಾಗಿ ಸೆಂಟು, ಘಮಘಮಿಸುವ ತಲೆಎಣ್ಣೆ, ಬಾಡಿ ಸ್ಪ್ರೇ ಮನೆಯಲ್ಲೇ ಬಿಡಲಿ. ಎದ್ದು ಬಂದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಓಡಬೇಕು. ನೀರಿಗೆ ಧುಮುಕಿದರೆ ತಲೆಯೆತ್ತುವವರೆಗೂ ಅವು ಮೇಲೆಯೇ ಕಾಯುತ್ತವೆ. ಮಂಗಗಳ ಎದುರು ಕೈಯಲ್ಲಿ ತಿಂಡಿ ಹಿಡಿಯಬಾರದು. ಪರಚಿದರೂ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಕಾಡುಕೋಣ ಕಂಡರೆ ಸದ್ದಿಲ್ಲದೆ ಹಿಂದೆ ಸರಿಯುವುದು, ಸೆಲ್ಫಿ ಇಲ್ಲ.

ದಾರಿಯ ಬಗ್ಗೆ ಕೆಲವರು ಕೇಳಿದ್ದಾರೆ. ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತಿಸಬಾರದೇ, ಅದು ಚೆಂದವಲ್ಲವೇ ಎಂದು. ಚೆಂದ ಹೌದು. ಆದರೆ ಒದ್ದೆ ಬಂಡೆಗಳ ಕಡಿದಾದ ಏರು, ವಾಹನ ಬರುವಂತಿಲ್ಲ. ನಾವು ಆರಿಸಿರುವುದು ಜೀಪು ಓಡಾಡುವ ಕೆಮ್ಮಣ್ಣಿನ ದಾರಿ. ಗುಂಡಿ, ಕೆಸರು, ನೋಡಲು ಏನೂ ಇಲ್ಲ ಅನ್ನಿಸಬಹುದು, ಆದರೆ ಕಾಲು ಉಳುಕಿದ ಮಗುವನ್ನು ಇಳಿಸಲು ಜೀಪು ಬರುತ್ತದೆ. ತುದಿಯ ಸರ್ವಜ್ಞ ಪೀಠದ ಸುತ್ತ ಬಯಲು ಹುಲ್ಲುಗಾವಲು, ಅಲ್ಲಿನ ಸಣ್ಣ ಕಲ್ಲು ಮಂಟಪ ಸಿಡಿಲಿಗೆ ಆಸರೆಯಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ತುದಿ ಬಿಡುತ್ತೇವೆ, ತಲುಪದಿದ್ದರೆ ಅರ್ಧದಿಂದಲೇ ವಾಪಸು. ಗುಡುಗು ಕೇಳಿದರೆ ಕೂಡಲೇ ಇಳಿಯುತ್ತೇವೆ. ಅಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದು, ಸಂಜೆಯವರೆಗೆ ಕರೆ ಬರದಿದ್ದರೆ ಅದಷ್ಟೇ ಕಾರಣ.

ಬಂದ ಮೇಲಿನ ಕೆಲಸ ನಿಮ್ಮದು. ಕೊಳೆ ಬಟ್ಟೆಯ ಚೀಲವನ್ನು ಮಂಚದ ಮೇಲೆ ಬಿಚ್ಚಬೇಡಿ. ನೇರವಾಗಿ ಬಿಸಿನೀರಿಗೆ ಹಾಕಿ, ಸುಡುಬಿಸಿಲಿನಲ್ಲಿ ಒಣಗಿಸಿ. ಮತ್ತೊಮ್ಮೆ ಮೈ ನೋಡಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ತಟ್ಟನೆ ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವಿನಿಂದ ಶುರುವಾಗುತ್ತದೆ. ಬೇರೊಂದು ಸಣ್ಣ ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಮೂರು ವಾರದವರೆಗೂ ತಡವಾಗಬಹುದು. ಕಚ್ಚಿದ ಜಾಗದಲ್ಲಿ ಸುಟ್ಟಂಥ ಕಪ್ಪು ಹಕ್ಕಳೆ ಕಾಣಬಹುದು, ಅದಕ್ಕೆ ಒಳ್ಳೆಯ ಔಷಧಿಯಿದೆ, ಬೇಗ ಕೊಡಬೇಕು. ಹಾಗಾಗಿ ಡಿಸೆಂಬರ್ ಮೂರನೇ ವಾರದವರೆಗೆ ಮಗುವಿಗೆ ಜ್ವರ ಬಂದರೆ ಸೀಸನ್ ಜ್ವರ ಎಂದು ಅಂಗಡಿಯ ಮಾತ್ರೆ ಕೊಡಬೇಡಿ. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ವೈದ್ಯರ ಬಳಿ ಹೋಗಿ, ಅವರು ಕೇಳದಿದ್ದರೂ ‘ಮಗು ಶಿವಮೊಗ್ಗದ ಕಾಡಿಗೆ ಹೋಗಿಬಂದಿದೆ’ ಎಂದು ಮೊದಲು ಹೇಳಿ, ನಮ್ಮ ಚೀಟಿ ತೋರಿಸಿ. ಶಾಲೆಗೂ ತಿಳಿಸಿ, ಉಳಿದ ಮಕ್ಕಳ ಮನೆಗೆ ಹೇಳಬೇಕಾಗುತ್ತದೆ.

ಜೊತೆಗಿರುವ ನಮೂನೆಯಲ್ಲಿ ಅಸ್ತಮಾ, ಫಿಟ್ಸ್, ಜೇನು ಕಚ್ಚಿದಾಗ ಹಿಂದೆ ಮುಖ ಊದಿದ್ದು ಅಥವಾ ಉಸಿರು ಕಟ್ಟಿದ್ದು, ಔಷಧಿಗಳ ಅಲರ್ಜಿ ಎಲ್ಲವನ್ನೂ ಬರೆಯಿರಿ. ಬರೆದರೆ ಮಗುವನ್ನು ಬಿಟ್ಟುಹೋಗುತ್ತಾರೇನೋ ಎಂಬ ಅಂಜಿಕೆ ಬೇಡ; ಬರೆಯದಿದ್ದರೆ ಮಾತ್ರ ತೊಂದರೆ. ಇನ್ಹೇಲರ್ ಇದ್ದರೆ ಎರಡು ಕೊಡಿ, ಒಂದು ಮಗುವಿನ ಜೇಬಿಗೆ, ಒಂದು ಶಿಕ್ಷಕರಿಗೆ. ಮಾತ್ರೆಗಳು ಹೆಸರು ಕಾಣುವ ಪಟ್ಟಿಯಲ್ಲೇ ಇರಲಿ. ಹೆಣ್ಣುಮಕ್ಕಳಿಗೆ ದಿನ ಇಲ್ಲದಿದ್ದರೂ ಪ್ಯಾಡ್ ಮತ್ತು ಬಳಸಿದ್ದನ್ನು ವಾಪಸು ತರಲು ಮುಚ್ಚುವ ಚೀಲ ಇಟ್ಟುಕಳಿಸಿ. ಸಹಿ ಮಾಡಿದ ನಮೂನೆ ನವೆಂಬರ್ 15ರೊಳಗೆ ತರಗತಿ ಶಿಕ್ಷಕರ ಕೈ ಸೇರಬೇಕು. ಅದೇ ವಾರದ ಶನಿವಾರ ಮಧ್ಯಾಹ್ನ ಶೂ ಮತ್ತು ತುಂಬಿದ ಚೀಲದ ತಪಾಸಣೆ ಇದೆ, ಮಗುವಿನ ಜೊತೆ ಮನೆಯವರೊಬ್ಬರು ಬನ್ನಿ.

ಇಂತಿ,
ಮುಖ್ಯ ಶಿಕ್ಷಕರು